ಮೊದಲ ಸಂಬಳದ ಗಾಡಿ ಮತ್ತು ಮುಂದಿನ ಮೂವತ್ತು ವರ್ಷ

2019ರ ಸೆಪ್ಟೆಂಬರ್‌ನಲ್ಲಿ ದೇಶದ ಕಾರು ಮಾರುಕಟ್ಟೆ ನೆಲಕಚ್ಚಿತ್ತು. ಆ ದಿನಗಳಲ್ಲಿ ಚೆನ್ನೈನಲ್ಲಿ ಮಾತನಾಡಿದ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಈ ಕುಸಿತಕ್ಕೆ ಹಲವು ಕಾರಣ ಕೊಟ್ಟರು. ಅವುಗಳಲ್ಲಿ ಒಂದು ದೇಶದ ತುಂಬ ಚರ್ಚೆಯಾಯಿತು. ಇಂದಿನ ಯುವಜನ ಕಾರಿನ ಕಂತಿಗೆ ಕಟ್ಟುಬೀಳಲು ಬಯಸುವುದಿಲ್ಲ, ಓಲಾ, ಊಬರ್ ಅಥವಾ ಮೆಟ್ರೊ ಹತ್ತಿ ಓಡಾಡುತ್ತಾರೆ ಎಂಬುದು ಆ ಕಾರಣ. ಮಾತು ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಅಮೆರಿಕ, ಬ್ರಿಟನ್, ಜಪಾನ್‌ಗಳಲ್ಲಿ ಹೊಸ ತಲೆಮಾರಿಗೆ ಕಾರಿನ ಮೋಹ ಇಳಿಯುತ್ತಿದೆ ಎಂದು ಅದಕ್ಕೂ ಹತ್ತು ವರ್ಷದ ಹಿಂದಿನಿಂದಲೇ ಸಂಶೋಧಕರು ಬರೆಯುತ್ತಿದ್ದರು. ನಮ್ಮಲ್ಲೂ ಹಾಗೇ ಆದೀತು ಎಂದು ಹಲವರು ನಂಬಿದರು.

ಆಮೇಲೆ ಏನಾಯಿತು ಎಂಬುದನ್ನು ವಾಹನ ತಯಾರಕರ ಒಕ್ಕೂಟದ ಲೆಕ್ಕವೇ ಹೇಳುತ್ತದೆ. 2019-20ರಲ್ಲಿ ದೇಶದೊಳಗೆ ಮಾರಾಟವಾದ ಪ್ರಯಾಣಿಕ ವಾಹನಗಳು ಸುಮಾರು 27.7 ಲಕ್ಷ. 2024-25ರಲ್ಲಿ 43 ಲಕ್ಷ. ಅವುಗಳಲ್ಲಿ ನೂರಕ್ಕೆ 65ರಷ್ಟು ಎಸ್‌ಯುವಿಯಂಥ ದೊಡ್ಡ ಗಾಡಿಗಳು. ಅದೇ ವರ್ಷ ಮಾರಾಟವಾದ ದ್ವಿಚಕ್ರ ವಾಹನಗಳ ಸಂಖ್ಯೆ ಎರಡು ಕೋಟಿಗೆ ಸ್ವಲ್ಪವೇ ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ದೇಶದ ನೂರು ಮನೆಗಳಲ್ಲಿ 38ರಲ್ಲಿ ಬೈಕು ಅಥವಾ ಸ್ಕೂಟರ್ ಇತ್ತು. 2019-21ರ ಸಮೀಕ್ಷೆಯ ಹೊತ್ತಿಗೆ ಅದು 50ಕ್ಕೆ ಮುಟ್ಟಿತು. ಕಾರು ಇರುವ ಮನೆಗಳು ಮಾತ್ರ ಆಗಿನ್ನೂ ನೂರಕ್ಕೆ ಎಂಟು.

ಈ ಎಂಟು ಎಂಬ ಸಂಖ್ಯೆಯೇ ನನ್ನ ಆತಂಕದ ಮೂಲ. ಮನೆಗೊಂದು ಬೈಕು ಬಂದಾಗಿದೆ, ಕಾರು ಇನ್ನೂ ಬರಬೇಕಿದೆ. ಅದನ್ನು ತರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಈಗ ಪಿಯುಸಿ, ಡಿಗ್ರಿ, ಡಿಪ್ಲೊಮಾ ಓದುತ್ತಿರುವ ಮಕ್ಕಳು. ಯುವಕರ ಮನಸ್ಸು ತಾನಾಗಿಯೇ ಬದಲಾಗುತ್ತಿದೆ ಎಂದು ಕೈಕಟ್ಟಿ ಕುಳಿತರೆ ಮುಂದಿನ ಹತ್ತು ವರ್ಷಗಳಲ್ಲಿ ನಮ್ಮ ಊರುಗಳು ಸರಿಪಡಿಸಲಾಗದ ಹಾದಿಗೆ ಬೀಳುತ್ತವೆ. ಇದಕ್ಕೆ ಪುರಾವೆ ಸಾಕಷ್ಟಿದೆ.

ಹೊರದೇಶದ ಯುವಕರು ನಿಜಕ್ಕೂ ಕಾರು ಬಿಟ್ಟರೆ?

ಮಿಶಿಗನ್ ವಿಶ್ವವಿದ್ಯಾಲಯದ ಮೈಕೆಲ್ ಸಿವಾಕ್ ಮತ್ತು ಬ್ರ್ಯಾಂಡನ್ ಶೂಟ್ಲ್ ಅಮೆರಿಕದ ಚಾಲನಾ ಪರವಾನಗಿಗಳ ದಾಖಲೆಯನ್ನು ವಯಸ್ಸಿನ ಪ್ರಕಾರ ಜೋಡಿಸಿ ನೋಡಿದರು. 1983ರಲ್ಲಿ ಅಲ್ಲಿನ ಹದಿನಾರು ವರ್ಷದವರಲ್ಲಿ ನೂರಕ್ಕೆ 46 ಮಂದಿಯ ಬಳಿ ಲೈಸೆನ್ಸ್ ಇತ್ತು, 2014ರಲ್ಲಿ ಸುಮಾರು 25 ಮಂದಿಯ ಬಳಿ. ಹದಿನೆಂಟು ವರ್ಷದವರಲ್ಲಿ ಈ ಪ್ರಮಾಣ 80ರಿಂದ 60ಕ್ಕೆ ಇಳಿದಿತ್ತು. ಇಂಗ್ಲೆಂಡಿನಲ್ಲಿ 17ರಿಂದ 20 ವರ್ಷದವರ ಪೈಕಿ ಲೈಸೆನ್ಸ್ ಪಡೆದವರು 1990ರ ದಶಕದ ಮೊದಲ ಭಾಗದಲ್ಲಿ ನೂರಕ್ಕೆ 48, 2014ರಲ್ಲಿ 29. ಜಪಾನಿನಲ್ಲಂತೂ ಯುವಕರು ಕಾರಿನಿಂದ ದೂರ ಸರಿಯುವುದು ಪತ್ರಿಕೆಗಳ ನಿತ್ಯದ ವಿಷಯವಾಗಿಬಿಟ್ಟಿತು.

ಇಳಿಕೆ ನಿಜ. ಅದಕ್ಕೆ ಕಾರಣವೇನು ಎಂಬಲ್ಲಿ ಎಚ್ಚರ ಬೇಕು. ಇಂಗ್ಲೆಂಡಿನ ಬದಲಾವಣೆಯನ್ನು ಅಲ್ಲಿನ ಸಾರಿಗೆ ಇಲಾಖೆಗಾಗಿ ಅಧ್ಯಯನ ಮಾಡಿದ ಕಿರಣ್ ಚಟರ್ಜಿ ಮತ್ತು ಸಂಗಡಿಗರ 2018ರ ವರದಿ ಕೊಟ್ಟ ಕಾರಣಗಳು ಬಹುಪಾಲು ಬದುಕಿನ ಸ್ಥಿತಿಗತಿಗೆ ಸಂಬಂಧಿಸಿದವು. ಹೆಚ್ಚು ಮಕ್ಕಳು ಕಾಲೇಜು ಸೇರಿದರು, ತಂದೆತಾಯಿಯ ಮನೆಯಲ್ಲೇ ಬಹುಕಾಲ ಉಳಿದರು, ಮದುವೆ ಮಕ್ಕಳು ತಡವಾದವು, ಕೆಲಸ ಭದ್ರವಿರಲಿಲ್ಲ, ವಿಮೆಯ ಕಂತು ಕೈಗೆಟುಕುತ್ತಿರಲಿಲ್ಲ, ಬಸ್ಸು ರೈಲು ಇರುವ ನಗರಗಳಿಗೆ ಹೆಚ್ಚು ಮಂದಿ ಬಂದು ನೆಲೆಸಿದರು. ಮನಸ್ಸಿನ ಒಲವು ಈ ಪಟ್ಟಿಯ ಒಂದು ಭಾಗ ಮಾತ್ರ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕ್ರಿಸ್ಟೋಫರ್ ನಿಟೆಲ್ ಮತ್ತು ಎಲಿಜಬೆತ್ ಮರ್ಫಿ 2019ರಲ್ಲಿ ಇನ್ನೂ ಕಟುವಾದ ಸತ್ಯ ಹೇಳಿದರು. ಆದಾಯ, ಮದುವೆಯ ವಯಸ್ಸು, ವಾಸದ ಜಾಗ ಇವನ್ನೆಲ್ಲ ಲೆಕ್ಕಕ್ಕೆ ತಂದುಕೊಂಡು ನೋಡಿದರೆ ಹೊಸ ತಲೆಮಾರಿಗೂ ಹಳೆಯ ತಲೆಮಾರಿಗೂ ಕಾರಿನ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ.

ಇದರಿಂದ ನಾವು ಕಲಿಯಬೇಕಾದದ್ದು ಸ್ಪಷ್ಟ. ಯುವಜನ ಯಾವ ದೇಶದಲ್ಲಾದರೂ ಮನೆಯ ಮುಂದೆ ಏನು ಸಿಗುತ್ತದೋ ಅದನ್ನು ನೋಡಿ ತೀರ್ಮಾನಿಸುತ್ತಾರೆ. ಒಳ್ಳೆಯ ಬಸ್ಸು ಸಿಕ್ಕರೆ ಕಾರು ಮುಂದಕ್ಕೆ ಹೋಗುತ್ತದೆ. ಸಿಗದಿದ್ದರೆ ಗಾಡಿ ಮನೆಗೆ ಬರುತ್ತದೆ.

ಬೈಕು ಗೆಲ್ಲುವ ಲೆಕ್ಕ

ನಮ್ಮ ಮನೆಗಳ ಮುಂದೆ ಏನು ಸಿಗುತ್ತಿದೆ? ಬೆಂಗಳೂರಿನಲ್ಲಿ ಮನೆಯಿಂದ ಹತ್ತು ಕಿಲೋಮೀಟರ್ ದೂರದ ಕೆಲಸಕ್ಕೆ ಹೊಸದಾಗಿ ಸೇರಿದ ಒಬ್ಬ ಹುಡುಗನ ಲೆಕ್ಕ ಹಾಕೋಣ. ಮೆಟ್ರೊದಲ್ಲಿ ಹೋದರೆ 2025ರ ಫೆಬ್ರುವರಿಯಲ್ಲಿ ಏರಿದ ದರದಂತೆ ಹೋಗಲು 50 ರೂಪಾಯಿ, ಬರಲು 50. ಕಾರ್ಡ್ ರಿಯಾಯಿತಿ ಕಳೆದರೂ ದಿನಕ್ಕೆ 90 ದಾಟುತ್ತದೆ. ಲೀಟರಿಗೆ 45 ಕಿಲೋಮೀಟರ್ ಕೊಡುವ ಬೈಕಿನಲ್ಲಿ ಅದೇ ಇಪ್ಪತ್ತು ಕಿಲೋಮೀಟರಿಗೆ ಬೇಕಾಗುವ ಪೆಟ್ರೋಲು ಅರ್ಧ ಲೀಟರಿಗಿಂತ ಕಡಿಮೆ, ಲೀಟರಿಗೆ 103 ರೂಪಾಯಿಯೆಂದು ಹಿಡಿದರೆ ಸುಮಾರು 46 ರೂಪಾಯಿ. ಬಿಎಂಟಿಸಿಯ ಸಾಮಾನ್ಯ ಬಸ್ಸಿನ ತಿಂಗಳ ಪಾಸು 2025ರ ಜನವರಿಯ ದರ ಏರಿಕೆಯ ನಂತರ 1,200 ರೂಪಾಯಿ. ತಿಂಗಳಿಗೆ ಇಪ್ಪತ್ತೈದು ದಿನದ ಕೆಲಸಕ್ಕೆ ಬೈಕಿನ ಪೆಟ್ರೋಲು ಸುಮಾರು 1,150 ರೂಪಾಯಿ.

ಬೈಕಿನ ಬೆಲೆ, ಸಾಲದ ಬಡ್ಡಿ, ವಿಮೆ, ಸರ್ವೀಸು, ಟೈರು ಸೇರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ, ನಿಜ. ಆದರೆ ಗಾಡಿ ಕೊಂಡಾದ ಮೇಲೆ ಯಾರೂ ಬೆಳಗ್ಗೆ ಎದ್ದು ಆ ಲೆಕ್ಕ ಹಾಕುವುದಿಲ್ಲ. ಕಂತು ಹೇಗೂ ಕಟ್ಟಲೇಬೇಕು. ಹಾಗಾಗಿ ದಿನದಿನದ ಪೈಪೋಟಿ ಪಾಸಿನ ದುಡ್ಡಿಗೂ ಪೆಟ್ರೋಲಿನ ದುಡ್ಡಿಗೂ ನಡೆಯುತ್ತದೆ. ಅಲ್ಲಿ ಬಸ್ಸು ಹೆಚ್ಚೆಂದರೆ ಸಮ ಬರುತ್ತದೆ, ಮೆಟ್ರೊ ಸೋಲುತ್ತದೆ. ಸಮಯದ ಲೆಕ್ಕ ಹಿಡಿದರೆ ಬಸ್ಸೂ ಸೋಲುತ್ತದೆ. ಸ್ಟಾಪಿಗೆ ನಡೆಯುವ ಹತ್ತು ನಿಮಿಷ, ಕಾಯುವ ಇಪ್ಪತ್ತು ನಿಮಿಷ, ಮಧ್ಯೆ ಬಸ್ಸು ಬದಲಿಸಿ ಮತ್ತೆ ಕಾಯುವುದು, ಕೊನೆಗೆ ಫುಟ್‌ಪಾತಿಲ್ಲದ ರಸ್ತೆಯಲ್ಲಿ ಆಫೀಸಿಗೆ ನಡೆಯುವುದು. ಬೈಕು ಮನೆಯ ಬಾಗಿಲಲ್ಲಿ ಹತ್ತಿಸಿಕೊಂಡು ಕೆಲಸದ ಬಾಗಿಲಲ್ಲಿ ಇಳಿಸುತ್ತದೆ.

ಇದರ ಜೊತೆಗೆ ಇನ್ನೊಂದು ಬದಲಾವಣೆ ಬಂದಿದೆ. ಗಾಡಿಯಿಲ್ಲದೆ ಕೆಲಸವೇ ಸಿಗದ ತಲೆಮಾರೊಂದು ಬೆಳೆಯುತ್ತಿದೆ. ಊಟ, ದಿನಸಿ, ಕೊರಿಯರ್ ತಲುಪಿಸುವ ಕೆಲಸಕ್ಕೆ ಸೇರಬೇಕಾದರೆ ಮೊದಲ ಅರ್ಹತೆಯೇ ಸ್ವಂತ ಗಾಡಿ ಮತ್ತು ಡಿಎಲ್. ಆ್ಯಪ್ ಆಧಾರಿತ ಕೆಲಸಗಾರರ ಸಂಖ್ಯೆ 2020-21ರಲ್ಲಿ 77 ಲಕ್ಷ ಇದ್ದದ್ದು 2029-30ಕ್ಕೆ 2.35 ಕೋಟಿ ಆದೀತೆಂದು ನೀತಿ ಆಯೋಗ 2022ರಲ್ಲಿ ಅಂದಾಜಿಸಿತು. ಇವರೆಲ್ಲರೂ ಡೆಲಿವರಿಯವರೇ ಅಲ್ಲ. ಆದರೂ ರಸ್ತೆಯ ಮೇಲೆ ದುಡಿಯುವ ಹುಡುಗರ ಪಾಲು ಅದರಲ್ಲಿ ದೊಡ್ಡದು. ಅವರಿಗೆ ಬೈಕು ಶೋಕಿಯ ವಸ್ತುವಲ್ಲ, ದುಡಿಮೆಯ ಸಾಮಾನು.

ಹಾಗಾಗಿ ಗಾಡಿ ಕೊಂಡ ಹುಡುಗ ಹುಡುಗಿಯರನ್ನು ದೂರುವುದು ಅನ್ಯಾಯ. ಸಂಜೆ ಏಳರ ಮೇಲೆ ಬಸ್ಸಿಲ್ಲದ ಹಳ್ಳಿಯ ಹುಡುಗಿಗೆ ಸ್ಕೂಟರ್ ಎಂದರೆ ಓದು ಮುಂದುವರಿಸುವ ದಾರಿ. ಊರಿನಲ್ಲಿ ತಲೆ ತಗ್ಗಿಸಿ ನಡೆಯಬೇಕಿದ್ದ ಮನೆತನದ ಹುಡುಗನಿಗೆ ಬೈಕೇರಿ ಹೋಗುವುದು ಆತ್ಮಗೌರವ. ಗಾಡಿಯಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಮನೆಗಳೂ ನಮ್ಮಲ್ಲಿವೆ. ಇಷ್ಟೆಲ್ಲ ಒತ್ತಡದ ಮುಂದೆ ಬೇರೆ ಯಾವ ದಾರಿಯನ್ನೂ ತೋರಿಸದೆ ಬಿಟ್ಟದ್ದು ಹಿರಿಯರಾದ ನಮ್ಮ ತಪ್ಪು.

ರೂಢಿ ಗಟ್ಟಿಯಾಗುವ ಮುನ್ನ

ಈಗ ಬೈಕು ಓಡಿಸಲಿ, ಮುಂದೆ ಮೆಟ್ರೊ ಬಂದಾಗ ಬಿಟ್ಟಾರು ಎಂದು ಹೇಳುವವರಿದ್ದಾರೆ. ಮನೋವಿಜ್ಞಾನ ಇದನ್ನು ಒಪ್ಪುವುದಿಲ್ಲ. ದಿನವೂ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಒಂದೇ ರೀತಿ ಹೋಗುವವರು ಕೆಲವು ತಿಂಗಳ ನಂತರ ಯೋಚಿಸಿ ಆಯ್ಕೆ ಮಾಡುವುದನ್ನೇ ನಿಲ್ಲಿಸುತ್ತಾರೆ. ಕೈ ತಾನಾಗಿ ಬೀಗದ ಕೈ ಹುಡುಕುತ್ತದೆ. ಹೊಸ ಬಸ್ ಮಾರ್ಗ ಶುರುವಾದ ಸುದ್ದಿಯೂ ಅವರ ಗಮನಕ್ಕೆ ಬರುವುದಿಲ್ಲ. ಮನೋವಿಜ್ಞಾನಿ ಬಾಸ್ ವರ್ಪ್ಲಾಂಕೆನ್ ಮತ್ತು ಸಹ ಸಂಶೋಧಕರು ತೋರಿಸಿಕೊಟ್ಟಂತೆ, ಇಂಥ ರೂಢಿ ಸಡಿಲವಾಗುವುದು ಬದುಕು ತಿರುವು ಪಡೆಯುವ ಗಳಿಗೆಗಳಲ್ಲಿ. ಹೊಸ ಕೆಲಸ, ಹೊಸ ಊರು, ಹೊಸ ಮನೆ ಅಂಥ ತಿರುವುಗಳು. ಆ ಕೆಲವು ವಾರಗಳಲ್ಲಿ ಏನು ರೂಢಿಯಾಗುತ್ತದೋ ಅದೇ ಬಹುಕಾಲ ಉಳಿಯುತ್ತದೆ.

ಜಪಾನಿನ ಸತೋಶಿ ಫುಜಿ ಮತ್ತು ರ್‍ಯೂಯಿಚಿ ಕಿತಮುರ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ದಿನವೂ ಕಾರಿನಲ್ಲೇ ಓಡಾಡುತ್ತಿದ್ದ ಕೆಲವರಿಗೆ ಒಂದು ತಿಂಗಳ ಉಚಿತ ಬಸ್ ಪಾಸು ಕೊಟ್ಟರು. ಪಾಸಿನ ಅವಧಿ ಮುಗಿದು ಒಂದು ತಿಂಗಳಾದ ಮೇಲೂ ಅವರು ಮೊದಲಿಗಿಂತ ಹೆಚ್ಚು ಬಸ್ಸು ಹತ್ತುತ್ತಿದ್ದರು, ಬಸ್ಸಿನ ಬಗ್ಗೆ ಅವರ ಅಭಿಪ್ರಾಯವೂ ಸುಧಾರಿಸಿತ್ತು. ನಲವತ್ತಕ್ಕೂ ಸ್ವಲ್ಪ ಹೆಚ್ಚು ಜನರನ್ನಷ್ಟೇ ನೋಡಿದ ಸಣ್ಣ ಪ್ರಯೋಗ ಅದು. ಆದರೂ ಬಸ್ಸಿನ ಬಗೆಗಿನ ಮನಸ್ಸು ಬಸ್ಸು ಹತ್ತಿದ ಮೇಲೆ ಬದಲಾಗುತ್ತದೆ ಎಂಬ ಅದರ ಸೂಚನೆ ನಮಗೆ ಬಹಳ ಮುಖ್ಯ.

ಇದನ್ನು ನಮ್ಮ ಮಕ್ಕಳಿಗೆ ಅನ್ವಯಿಸಿ ನೋಡಿ. ಕಾಲೇಜು ಮುಗಿಯುವವರೆಗೆ ಅವರ ಜೇಬಿನಲ್ಲಿ ವಿದ್ಯಾರ್ಥಿ ಪಾಸು ಇರುತ್ತದೆ. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬುದೆಲ್ಲ ಬಾಯಿಪಾಠ. ಪದವಿ ಮುಗಿದ ದಿನ ಆ ಪಾಸು ರದ್ದಾಗುತ್ತದೆ. ಮೊದಲ ಸಂಬಳ ಬಂದ ತಿಂಗಳಲ್ಲೇ ಗಾಡಿ ಸಾಲದ ಕರೆ ಬರುತ್ತದೆ. ರೂಢಿ ಮುರಿದು ಹೊಸತು ಕೂಡುವ ಆ ಗಳಿಗೆಯಲ್ಲಿ ಸಾಲ ಕೊಡುವವರು ಬಾಗಿಲಿಗೆ ಬಂದಿರುತ್ತಾರೆ. ಸಾರಿಗೆ ಸಂಸ್ಥೆಯ ಕಡೆಯಿಂದ ಒಂದು ಎಸ್ಸೆಮ್ಮೆಸ್ಸೂ ಇರುವುದಿಲ್ಲ. ಇಪ್ಪತ್ತೆರಡರಲ್ಲಿ ಬೈಕು, ಮದುವೆಯಾಗಿ ಮಗುವಾದಾಗ ಕಾರು, ನಂತರ ಮೂವತ್ತು ವರ್ಷ ಅದೇ ದಾರಿ.

ಮೊದಲ ಅಪಾಯ: ಜೀವ

ಗಾಡಿಯ ಈ ರೂಢಿಯ ಬೆಲೆಯನ್ನು ಮೊದಲು ತೆರುವವರು ಆ ಮಕ್ಕಳೇ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 66.5 ಮಂದಿ 18ರಿಂದ 45 ವರ್ಷದವರು. ಅಂದರೆ ದಿನಕ್ಕೆ ಮುನ್ನೂರಕ್ಕೂ ಹೆಚ್ಚು ದುಡಿಯುವ ವಯಸ್ಸಿನ ಜೀವಗಳು. ಒಟ್ಟು ಸತ್ತವರಲ್ಲಿ ನೂರಕ್ಕೆ 44.5 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು, 19.5 ಮಂದಿ ನಡೆದು ಹೋಗುತ್ತಿದ್ದವರು. ಕರ್ನಾಟಕದ ಪಾಲು 11,702. ದಿನಕ್ಕೆ ಮೂವತ್ತೆರಡು ಮನೆಗಳಲ್ಲಿ ಸೂತಕ.

ಎಳೆಯ ವಯಸ್ಸಿಗೂ ವೇಗಕ್ಕೂ ಇರುವ ನಂಟಿಗೆ ಜೈವಿಕ ಕಾರಣವಿದೆ. ಮುಂದೇನಾಗಬಹುದು ಎಂದು ಅಳೆದು ತನ್ನನ್ನು ತಡೆದುಕೊಳ್ಳುವ ಕೆಲಸ ಮಿದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಜೊತೆಗೆ ಗೆಳೆಯರಿದ್ದರೆ ಸಾಹಸದ ಹಂಬಲ ಇನ್ನೂ ಕೆರಳುತ್ತದೆ. ಅಮೆರಿಕದ ಹದಿಹರೆಯದ ಚಾಲಕರ ಮೇಲೆ ನಡೆದ ಅಧ್ಯಯನ 2000ದಲ್ಲೇ ಇದನ್ನು ಹೇಳಿತು. ಕಾರಿನಲ್ಲಿ ಜೊತೆಗಾರರ ಸಂಖ್ಯೆ ಏರಿದಂತೆ ಚಾಲಕನ ಸಾವಿನ ಅಪಾಯವೂ ಏರಿತ್ತು. ಅದರ ಮೇಲೆ ಭೌತಶಾಸ್ತ್ರದ ನಿಯಮ ಬೇರೆ. ವೇಗ 40ರಿಂದ 60ಕ್ಕೆ ಏರಿದರೆ ಅದು ಒಂದೂವರೆ ಪಟ್ಟು ಮಾತ್ರ. ಡಿಕ್ಕಿಯಲ್ಲಿ ಮೈಮೇಲೆ ಬೀಳುವ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. 2022ರ ನಮ್ಮ ಅಪಘಾತ ಸಾವುಗಳಲ್ಲಿ ನೂರಕ್ಕೆ 71 ಅತಿವೇಗದ ಲೆಕ್ಕಕ್ಕೆ ಸೇರಿದ್ದವು.

ಹೆಲ್ಮೆಟ್ಟಿನ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಲೆ ರಸ್ತೆಗೆ ಬಡಿದಾಗ ಬುರುಡೆ ಥಟ್ಟನೆ ನಿಲ್ಲುತ್ತದೆ, ಒಳಗಿನ ಮಿದುಳು ನಿಲ್ಲುವುದಿಲ್ಲ. ಅದು ಮುಂದೆ ಸರಿದು, ತಿರುಚಿಕೊಂಡು, ಬುರುಡೆಯ ಒಳಗೋಡೆಗೆ ಅಪ್ಪಳಿಸುತ್ತದೆ. ಹೆಲ್ಮೆಟ್ಟಿನ ಹೊರಚಿಪ್ಪಿನ ಒಳಗಿರುವ ಥರ್ಮೊಕೋಲಿನ ದಪ್ಪ ಪದರ ಆ ಕ್ಷಣದಲ್ಲಿ ಜಜ್ಜಿಹೋಗಿ ಹೊಡೆತದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಗಲ್ಲದ ಪಟ್ಟಿ ಬಿಗಿಯದಿದ್ದರೆ ಮೊದಲ ಹೊಡೆತಕ್ಕೇ ಹೆಲ್ಮೆಟ್ ಹಾರಿಹೋಗುತ್ತದೆ. ಆ ಪದರವೇ ಇಲ್ಲದ ಟೋಪಿಯಂಥ ಅರ್ಧ ಹೆಲ್ಮೆಟ್ ಪೊಲೀಸರಿಂದ ತಪ್ಪಿಸಿಕೊಳ್ಳಲು ಮಾತ್ರ ಸಾಕು. ಸರಿಯಾದ ಹೆಲ್ಮೆಟ್ ಸಾವಿನ ಅಪಾಯವನ್ನು ನೂರಕ್ಕೆ 42ರಷ್ಟು, ತಲೆಗೆ ಗಾಯವಾಗುವ ಅಪಾಯವನ್ನು 69ರಷ್ಟು ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ ಹೇಳಿದೆ. ಕರ್ನಾಟಕ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಹೀಗಿದ್ದೂ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಹಿಂದೆ ಕೂತಿದ್ದವರು.

ಬೈಕಿನಿಂದ ಕಾರಿಗೆ ಏರಿದರೆ ಸವಾರನ ಅಪಾಯ ಇಳಿಯುತ್ತದೆ, ಹೊರಗಿರುವವರದು ಏರುತ್ತದೆ. ಮೂತಿ ಎತ್ತರವಾದ ಗಾಡಿಗಳು ಪಾದಚಾರಿಗೆ ಎಷ್ಟು ಅಪಾಯಕಾರಿ ಎಂಬುದನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಅಳೆಯಿತು. ಬಾನೆಟ್ಟಿನ ಎತ್ತರ ಸುಮಾರು ಒಂದು ಮೀಟರ್ ದಾಟಿದ ವಾಹನಗಳು ಗುದ್ದಿದರೆ, ತಗ್ಗಿದ ಇಳಿಜಾರು ಮೂತಿಯ ಕಾರುಗಳಿಗೆ ಹೋಲಿಸಿದಾಗ, ಪಾದಚಾರಿ ಸಾಯುವ ಸಾಧ್ಯತೆ ನೂರಕ್ಕೆ 45ರಷ್ಟು ಹೆಚ್ಚು. ನಮ್ಮಲ್ಲಿ ಮಾರಾಟವಾಗುವ ಎಸ್‌ಯುವಿಗಳೆಲ್ಲ ಅಷ್ಟು ಎತ್ತರದವಲ್ಲ, ಆದರೆ ಮಾರುಕಟ್ಟೆ ಸಾಗುತ್ತಿರುವ ದಿಕ್ಕು ಅದೇ. ಫುಟ್‌ಪಾತಿಲ್ಲದ ನಮ್ಮ ಬೀದಿಗಳಲ್ಲಿ ಮಕ್ಕಳು ಅವುಗಳ ಪಕ್ಕದಲ್ಲೇ ನಡೆದು ಶಾಲೆಗೆ ಹೋಗಬೇಕು.

ಎರಡನೆಯ ಅಪಾಯ: ಬಸ್ಸಿನ ಕುಸಿತ

ಬೆಂಗಳೂರಿನಲ್ಲಿ 2011ರ ಸುಮಾರಿಗೆ ನೋಂದಾಯಿತ ವಾಹನಗಳು ನಲವತ್ತು ಲಕ್ಷದ ಆಸುಪಾಸಿನಲ್ಲಿದ್ದವು. ಈಗ ಒಂದು ಕೋಟಿಯನ್ನು ಎಂದೋ ದಾಟಿವೆ. ಗುಜರಿಗೆ ಹೋದ ಕೆಲವು ಗಾಡಿಗಳೂ ಈ ಪಟ್ಟಿಯಲ್ಲಿ ಉಳಿದಿರಬಹುದು. ಅವನ್ನು ಕಳೆದರೂ ಏರಿಕೆ ದೊಡ್ಡದೇ. ಇದೇ ಅವಧಿಯಲ್ಲಿ ಬಿಎಂಟಿಸಿಯ ಬಸ್ಸುಗಳು ಆರು ಸಾವಿರದಿಂದ ಏಳು ಸಾವಿರದ ಹತ್ತಿರಕ್ಕೆ ಬಂದಿವೆ, ಅಷ್ಟೆ. ಸಾವಿರ ಜನರಿಗೆ ಕನಿಷ್ಠ 0.6 ಬಸ್ಸು ಇರಬೇಕೆಂಬುದು ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಅಳತೆ. ಒಂದು ಕೋಟಿ ನಲವತ್ತು ಲಕ್ಷ ಜನರೆಂದು ಹಿಡಿದರೆ ಬೆಂಗಳೂರಿಗೆ 8,400 ಬಸ್ಸು ಬೇಕು.

ಬಸ್ಸು ಕುಸಿಯುವ ಬಗೆಯನ್ನು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ 1972ರಲ್ಲಿ ಬರೆದ ಪ್ರಬಂಧದಿಂದ ತಿಳಿಯಬಹುದು. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ ಸರಾಸರಿ ಐದು ನಿಮಿಷ ಕಾಯಬೇಕು, ಅರ್ಧ ಗಂಟೆಗೊಂದಿದ್ದರೆ ಹದಿನೈದು ನಿಮಿಷ. ಪ್ರಯಾಣಿಕರು ಹೆಚ್ಚಿದರೆ ಟ್ರಿಪ್ ಹೆಚ್ಚುತ್ತದೆ, ಎಲ್ಲರೂ ಕಾಯುವ ಹೊತ್ತು ಇಳಿಯುತ್ತದೆ. ಹೊಸಬರು ಹತ್ತಿದಷ್ಟೂ ಹಳಬರಿಗೆ ಲಾಭ. ಇದರ ತಿರುವುಮುರುವೂ ಅಷ್ಟೇ ನಿಜ. ಒಬ್ಬ ಯುವಕ ಬಸ್ಸು ಬಿಟ್ಟು ಬೈಕು ಹತ್ತಿದರೆ ಬಸ್ಸಿಗೆ ಒಂದು ಟಿಕೆಟ್ ನಷ್ಟ, ರಸ್ತೆಗೆ ಒಂದು ಗಾಡಿ ಹೆಚ್ಚು. ಬಸ್ಸು ಇನ್ನಷ್ಟು ನಿಧಾನವಾಗುತ್ತದೆ, ದಿನಕ್ಕೆ ಎಂಟು ಟ್ರಿಪ್ ಮಾಡುತ್ತಿದ್ದ ಬಸ್ಸಿಗೆ ಆರೂ ಆಗುವುದಿಲ್ಲ. ಸ್ಟಾಪಿನಲ್ಲಿ ಉಳಿದವರು ಇನ್ನಷ್ಟು ಕಾಯುತ್ತಾರೆ, ಅವರಲ್ಲೊಬ್ಬರು ಮುಂದಿನ ತಿಂಗಳು ಶೋರೂಮಿಗೆ ಹೋಗುತ್ತಾರೆ.

ಇದು ಬರೀ ಸಿದ್ಧಾಂತವಲ್ಲ. ಸುಮಾರು ಹತ್ತು ಹನ್ನೆರಡು ವರ್ಷದ ಹಿಂದೆ ದಿನಕ್ಕೆ ಐವತ್ತು ಲಕ್ಷ ಮಂದಿಯನ್ನು ಹೊತ್ತ ಬಿಎಂಟಿಸಿ ಕೋವಿಡ್ ಬರುವ ಮೊದಲೇ ನಲವತ್ತು ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮಹಿಳೆಯರನ್ನು ಮತ್ತೆ ಬಸ್ಸಿಗೆ ತಂದಿತು. ಎರಡೇ ವರ್ಷದಲ್ಲಿ ರಾಜ್ಯದಾದ್ಯಂತ 500 ಕೋಟಿ ಉಚಿತ ಟಿಕೆಟ್‌ಗಳು ಹರಿದವು. ದರ ಇಳಿಸಿದರೆ ಜನ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅದೇ ಮನೆಯ ಮಗನಿಗೆ ಬಸ್ಸಿನ ಕಡೆ ಬರಲು ಇಂಥ ಯಾವ ಕಾರಣವೂ ಸಿಗಲಿಲ್ಲ.

ಜಾಗದ ಪ್ರಶ್ನೆಯೂ ಇದೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಬೆಂಗಳೂರಿನ ಕಾರುಗಳು ಇಪ್ಪತ್ತು ಲಕ್ಷ ಮೀರಿವೆ. ಇಪ್ಪತ್ತು ಲಕ್ಷವೆಂದೇ ಹಿಡಿದರೂ ಅವುಗಳನ್ನು ನಿಲ್ಲಿಸಲು ಇಪ್ಪತ್ತೈದು ಚದರ ಕಿಲೋಮೀಟರ್ ಬೇಕು, ಅಂದರೆ ಇಪ್ಪತ್ತು ಕಬ್ಬನ್ ಪಾರ್ಕುಗಳಷ್ಟು ನೆಲ. ಓಡಾಡುವ ಜಾಗ ಇದರ ಮೇಲೆ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಹಿಡಿಯುತ್ತಿತ್ತು. ಕಾರಿರುವ ಮನೆಗಳ ಪ್ರಮಾಣ ಇನ್ನೂ ಏರಿದರೆ ಆಂಬುಲೆನ್ಸಿಗೂ ಅಗ್ನಿಶಾಮಕ ವಾಹನಕ್ಕೂ ದಾರಿ ಎಲ್ಲಿಂದ ಬರಬೇಕು?

ಕೈಹಿಡಿಯದ ಪರಿಹಾರಗಳು

ರಸ್ತೆ ಅಗಲಿಸುವುದು, ಮೇಲುಸೇತುವೆ, ಸುರಂಗ. ಇವೇ ನಮಗೆ ಥಟ್ಟನೆ ಹೊಳೆಯುವ ಉತ್ತರಗಳು. ಅರ್ಥಶಾಸ್ತ್ರಜ್ಞರಾದ ಜಿಲ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಅಮೆರಿಕದ ನಗರಗಳ ಇಪ್ಪತ್ತು ವರ್ಷದ ದಾಖಲೆ ಪರಿಶೀಲಿಸಿ 2011ರಲ್ಲಿ ಕಂಡುಕೊಂಡದ್ದು ಇದು: ಹೆದ್ದಾರಿಯ ಉದ್ದ ನೂರಕ್ಕೆ ಎಷ್ಟು ಹೆಚ್ಚುತ್ತದೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಹೊಸ ರಸ್ತೆ ಹೊಸ ಗಾಡಿಗಳನ್ನು ಕರೆತರುತ್ತದೆ. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿ ಮೀರಿದೆ. ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿಯೆಂದು ಹಿಡಿದರೂ ಆ ಹಣಕ್ಕೆ ಹನ್ನೊಂದು ಸಾವಿರಕ್ಕೂ ಹೆಚ್ಚು ಬಸ್ಸು ಬರುತ್ತವೆ. ಬಸ್ಸು ಓಡಿಸುವ ಖರ್ಚು ಬೇರೆ ಇದೆ, ಒಪ್ಪುತ್ತೇನೆ. ಸುರಂಗವನ್ನು ನಿರ್ವಹಿಸುವ ಖರ್ಚೂ ಇದೆ.

ಆ್ಯಪ್ ಟ್ಯಾಕ್ಸಿ ಹತ್ತಿದ ಮಾತ್ರಕ್ಕೆ ರಸ್ತೆ ಹಗುರಾಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2010ರಿಂದ 2016ರವರೆಗೆ ದಟ್ಟಣೆಯಿಂದಾಗುವ ವಿಳಂಬ ನೂರಕ್ಕೆ 62ರಷ್ಟು ಹೆಚ್ಚಿತು. ಆ್ಯಪ್ ಟ್ಯಾಕ್ಸಿಗಳು ಇಲ್ಲದಿದ್ದರೆ ಅದು 22ರಷ್ಟು ಮಾತ್ರ ಆಗುತ್ತಿತ್ತು ಎಂದು 2019ರ ಅಧ್ಯಯನ ಲೆಕ್ಕ ಹಾಕಿತು. ಬಾಡಿಗೆ ಹುಡುಕುತ್ತ ಖಾಲಿ ಸುತ್ತುವ ಗಾಡಿಯೂ ರಸ್ತೆಯ ಜಾಗ ತಿನ್ನುತ್ತದೆ. ಎಲೆಕ್ಟ್ರಿಕ್ ವಾಹನಗಳು ಹೊಗೆ ತಗ್ಗಿಸುತ್ತವೆ, ಅದಕ್ಕಾಗಿ ಅವು ಬೇಕು. ಆದರೆ ಬ್ಯಾಟರಿ ಹಾಕಿದ ಕಾರಿಗೂ ಅಷ್ಟೇ ಜಾಗ ಬೇಕು, ಅದು ಗುದ್ದಿದರೂ ಜೀವ ಹೋಗುತ್ತದೆ.

ಚಿಕ್ಕ ಊರುಗಳಲ್ಲಿ ಇನ್ನೂ ಸಮಯವಿದೆ

ಬೆಂಗಳೂರಿನ ಬಗ್ಗೆ ಮಾತಾಡುವಾಗ ಮರೆತುಹೋಗುವ ಸಂಗತಿಯೊಂದಿದೆ. ಅಲ್ಲಿ ಏಳು ಸಾವಿರದ ಹತ್ತಿರ ಬಸ್ಸಾದರೂ ಇವೆ, ನೂರು ಕಿಲೋಮೀಟರಿನ ಹತ್ತಿರ ಬಂದಿರುವ ಮೆಟ್ರೊ ಇದೆ. ತುಮಕೂರು, ಹಾಸನ, ದಾವಣಗೆರೆ, ಕಲಬುರಗಿ, ವಿಜಯಪುರಗಳಲ್ಲಿ ನಗರ ಸಾರಿಗೆ ಬಸ್ಸು ಬಹಳ ವಿರಳ. ಅಲ್ಲಿ ಹುಡುಗರು ಕಾಲೇಜಿನಲ್ಲಿರುವಾಗಲೇ ಬೈಕಿಗೆ ಬೀಳುತ್ತಾರೆ. ಹೈಸ್ಕೂಲಿನ ಮಕ್ಕಳೂ ಅಪ್ಪನ ಸ್ಕೂಟರ್ ಹಿಡಿಯುತ್ತಾರೆ. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25 ಸಾವಿರ ರೂಪಾಯಿ ದಂಡ, ಒಂದು ವರ್ಷ ನೋಂದಣಿ ರದ್ದು, ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. 2019ರ ತಿದ್ದುಪಡಿ ಇಷ್ಟು ಕಠಿಣವಾಗಿದ್ದರೂ ಶಾಲೆ ಬಿಡುವ ಹೊತ್ತಿನಲ್ಲಿ ಮೂವರು ಕೂತ ಸ್ಕೂಟರುಗಳು ಕಾಣಸಿಗುತ್ತಲೇ ಇವೆ.

ಒಳ್ಳೆಯದು ಮಾಡಲು ನಮಗೆ ಬರುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಗಳಿವೆ. ಹುಬ್ಬಳ್ಳಿ-ಧಾರವಾಡದ ನಡುವೆ 2018ರ ಅಕ್ಟೋಬರ್‌ನಲ್ಲಿ ಓಡಾಟ ಶುರು ಮಾಡಿದ ಚಿಗರಿ ಬಸ್ಸುಗಳಿಗೆ ತಮ್ಮದೇ ಪ್ರತ್ಯೇಕ ಪಥವಿತ್ತು. ಮೈಸೂರು 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ತಂದು ದೇಶಕ್ಕೆ ಮೇಲ್ಪಂಕ್ತಿ ಹಾಕಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ, 2019ರ ಕೊನೆಯಲ್ಲಿ ಕಂಬ ನೆಟ್ಟು ಬಸ್ಸಿಗೆಂದೇ ಪಥ ಬಿಡಲಾಗಿತ್ತು. ಕಾರುಗಳು ತೆವಳುತ್ತಿದ್ದಾಗ ಪಕ್ಕದಲ್ಲೇ ಬಸ್ಸು ಮುಂದೆ ಹೋಗುವುದನ್ನು ಜನ ಕಣ್ಣಾರೆ ಕಂಡರು. ಕೋವಿಡ್ ಬಂತು, ಮೆಟ್ರೊ ಕಾಮಗಾರಿ ಬಂತು, ಆ ಪಥ ಹೋಯಿತು. ನಾವು ಸೋಲುತ್ತಿರುವುದು ಶುರು ಮಾಡಿದ್ದನ್ನು ಉಳಿಸಿಕೊಳ್ಳುವಲ್ಲಿ.

ಈಗ ಆಗಬೇಕಾದದ್ದು

ಮೊದಲನೆಯದು, ಪದವಿ ಮುಗಿದ ಮೇಲೂ ವಿದ್ಯಾರ್ಥಿ ಪಾಸನ್ನು ಕೆಲಸದ ಮೊದಲ ಎರಡು ವರ್ಷಕ್ಕೆ ಅದೇ ರಿಯಾಯಿತಿಯಲ್ಲಿ ಮುಂದುವರಿಸಬೇಕು. ಬಸ್ಸಿಗೂ ಮೆಟ್ರೊಗೂ ಒಂದೇ ಪಾಸು ಇರಬೇಕು. ರೂಢಿ ಕೂಡುವ ಆ ಅವಧಿಯಲ್ಲಿ ಖರ್ಚು ಮಾಡಿದ ಪ್ರತಿ ರೂಪಾಯಿ ಮೂವತ್ತು ವರ್ಷ ಫಲ ಕೊಡುತ್ತದೆ. ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿಗಳು ಪಾರ್ಕಿಂಗ್ ಜಾಗದ ಬದಲು ಈ ಪಾಸು ಕೊಡುವಂತೆ ಸರ್ಕಾರ ನಿಯಮ ತರಬಹುದು.

ಎರಡನೆಯದು, ಬಸ್ಸಿನ ಸಂಖ್ಯೆ ಮತ್ತು ಪಥ. ದೊಡ್ಡ ರಸ್ತೆಗಳಲ್ಲಿ ಒಂದು ಪಥ ಬಸ್ಸಿಗೇ ಮೀಸಲಾಗಬೇಕು. ಚಿಕ್ಕ ನಗರಗಳಲ್ಲಿ ಮುಖ್ಯ ದಾರಿಗಳಿಗೆ ಹತ್ತು ನಿಮಿಷಕ್ಕೊಂದು ಬಸ್ಸು ಬೇಕು, ರಾತ್ರಿ ಹತ್ತರವರೆಗೂ ಅದು ಓಡಬೇಕು. ಸ್ಟಾಪಿನಿಂದ ಮನೆಯವರೆಗೆ ನಡೆಯಲು ಫುಟ್‌ಪಾತೂ ದೀಪವೂ ಬೇಕು. ಇದಿಲ್ಲದೆ ಹೆಣ್ಣುಮಕ್ಕಳಿಗೆ ಬಸ್ಸು ಹತ್ತಿ ಎಂದು ಹೇಳುವ ಹಕ್ಕು ನಮಗಿಲ್ಲ.

ಮೂರನೆಯದು, ಲೈಸೆನ್ಸು. ಈಗ ಎಲ್‌ಎಲ್‌ಆರ್ ಪಡೆದ ಮೂವತ್ತು ದಿನಕ್ಕೆ ಪರೀಕ್ಷೆ ಕೊಟ್ಟು ಪೂರ್ಣ ಲೈಸೆನ್ಸ್ ಪಡೆಯಬಹುದು. ನ್ಯೂಜಿಲೆಂಡ್ 1987ರಲ್ಲೇ ಹಂತ ಹಂತದ ಲೈಸೆನ್ಸ್ ತಂದಿತು. ಆರಂಭದ ಹಂತದಲ್ಲಿ ತಡರಾತ್ರಿ ಚಾಲನೆಗೂ ಗೆಳೆಯರನ್ನು ಕೂರಿಸಿಕೊಳ್ಳುವುದಕ್ಕೂ ಮಿತಿ ಇರುತ್ತದೆ. ಇಂಥ ಪದ್ಧತಿಯಿಂದ ಎಳೆಯ ಚಾಲಕರ ಅಪಘಾತ ತಗ್ಗಿದೆ ಎಂಬುದು ಹಲವು ದೇಶಗಳ ಅನುಭವ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಬೈಕು ಸವಾರರಿಗೆ ನಾವೂ ಇದನ್ನು ತರಬೇಕು. ಗಾಡಿ ಮಾರುವವರು ಐಎಸ್‌ಐ ಗುರುತಿನ ಎರಡು ಪೂರ್ಣ ಹೆಲ್ಮೆಟ್ ಕೊಡದೆ ಬೀಗದ ಕೈ ಹಸ್ತಾಂತರಿಸಬಾರದು. ನಗರದೊಳಗಿನ ವಸತಿ ಬೀದಿಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್ ಆಗಬೇಕು. ಡೆಲಿವರಿ ಹುಡುಗರನ್ನು ಗಡಿಯಾರದ ಹಿಂದೆ ಓಡಿಸುವ ಪದ್ಧತಿಗೆ ಕಡಿವಾಣ ಬೀಳಬೇಕು. ಗಿಗ್ ಕಾರ್ಮಿಕರಿಗೆಂದೇ 2025ರಲ್ಲಿ ಕಾನೂನು ಮಾಡಿದ ರಾಜ್ಯ ನಮ್ಮದು. ಸವಾರನ ಜೀವರಕ್ಷಣೆಯನ್ನು ಅದರ ಕೇಂದ್ರಕ್ಕೆ ತರುವುದು ಅಸಾಧ್ಯವೇನಲ್ಲ.

ನಾಲ್ಕನೆಯದು ಮನೆಯಲ್ಲಿ ಆಗಬೇಕಾದದ್ದು. ಹದಿನೆಂಟು ತುಂಬದ ಮಗನ ಕೈಗೆ ಬೀಗದ ಕೈ ಕೊಡಬೇಡಿ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದರೆ ಬೈಕು ಕೊಡಿಸುವ ಮಾತು ಕೊಡಬೇಡಿ. ಮಗಳಿಗೆ ಗಂಡು ನೋಡುವಾಗ ಮನೆ ಮುಂದೆ ನಿಂತ ಕಾರನ್ನು ಯೋಗ್ಯತೆಯ ಅಳತೆಗೋಲು ಮಾಡಬೇಡಿ. ಕಾರಿಲ್ಲದೆ ಗೌರವವಾಗಿ ಬದುಕಬಹುದೆಂದು ಮಕ್ಕಳಿಗೆ ಕಾಣಬೇಕಾದರೆ ಹಿರಿಯರೂ ಬಸ್ಸಿನಲ್ಲಿ ಕಾಣಿಸಿಕೊಳ್ಳಬೇಕು. ಶಾಸಕರು, ಅಧಿಕಾರಿಗಳು, ಉಪನ್ಯಾಸಕರು ಎಲ್ಲರೂ.

ಇವತ್ತು ಹದಿನೈದು ವರ್ಷದ ಮಗು 2035ರಲ್ಲಿ ಕೆಲಸಕ್ಕೆ ಹೋಗುವ ಯುವಕನೋ ಯುವತಿಯೋ ಆಗಿರುತ್ತದೆ. ಅಷ್ಟರೊಳಗೆ ಬಸ್ಸು ಬಂದಿರದಿದ್ದರೆ ಗಾಡಿ ಬಂದಿರುತ್ತದೆ, ಆಮೇಲೆ ತರುವ ಬಸ್ಸಿಗೆ ಹತ್ತುವವರು ಸಿಗುವುದಿಲ್ಲ. ಹೊರದೇಶಗಳ ಯುವಕರು ಕಾರನ್ನು ಮುಂದೂಡಿದ್ದು ಅವರ ಊರು ಅದಕ್ಕೆ ಅನುಕೂಲ ಮಾಡಿಕೊಟ್ಟಾಗ. ನಮ್ಮ ಮಕ್ಕಳಿಗೂ ಆ ಅನುಕೂಲ ಮಾಡಿಕೊಡುವುದು ಮುಂದಿನ ಬಜೆಟ್ಟಿನಲ್ಲೇ ಶುರುವಾಗಬೇಕು. ಅದಕ್ಕಾಗಿ ನಿಮ್ಮ ವಾರ್ಡಿನಲ್ಲಿ ಮತ ಕೇಳಲು ಬರುವವರಿಗೆ ಒಂದೇ ಪ್ರಶ್ನೆ ಹಾಕಿ: ನಮ್ಮ ಸ್ಟಾಪಿಗೆ ಎಷ್ಟು ನಿಮಿಷಕ್ಕೊಂದು ಬಸ್ಸು ತರುತ್ತೀರಿ, ಯಾವ ವರ್ಷದೊಳಗೆ?